ತಾರಸಿಯ ಮೇಲೊಂದು ಮಾಡು

ಯಾರ ಮನೆಗೆ ಹೋದರೂ ಅವರು ಮೊದಲು ನೋಡುತ್ತಿದ್ದದ್ದು ಮನೆಯವರ ಮುಖವನ್ನಲ್ಲ, ಸೂರನ್ನು. ಚಪ್ಪಲಿ ಬಿಡುವ ಮೊದಲೇ ಕನ್ನಡಕವನ್ನು ಹಣೆಗೆ ಏರಿಸಿ, ಕತ್ತು ಹಿಂದಕ್ಕೆ ಬಾಗಿಸಿ, ಮಾಡು ಗೋಡೆಯಿಂದ ಎಷ್ಟು ಹೊರಗೆ ಚಾಚಿದೆ, ಅದರ ನೀರು ಯಾರ ಅಂಗಳಕ್ಕೆ ಬೀಳುತ್ತದೆ ಎಂದು ನೋಡಿಕೊಂಡು, ಆಮೇಲೆ "ಹೇಗಿದ್ದೀರಿ?" ಎನ್ನುತ್ತಿದ್ದರು. ಮೂಡುಬಿದಿರೆಯ ಒಂದು ಮದುವೆಯಲ್ಲಿ ಊಟದ ಪಂಕ್ತಿಯಿಂದ ಎದ್ದು ಹೋಗಿ ದೂರದ ಇನ್ನೊಂದು ಪಂಕ್ತಿಯಲ್ಲಿ ಕೂತರು. ತಲೆಯ ಮೇಲಿದ್ದ ಕಬ್ಬಿಣದ ತೊಲೆಯೊಂದು ಅವರಿಗೆ ಸರಿ ಕಾಣಲಿಲ್ಲವಂತೆ. ಪಕ್ಕದಲ್ಲೇ ಇದ್ದ ನನ್ನನ್ನು ಕರೆಯಲಿಲ್ಲ. ಆಮೇಲೆ ಯಾಕೆಂದು ಕೇಳಿದೆ. "ನಿಮಗೆ ಪಾಯಸ ಬಡಿಸಿ ಆಗಿತ್ತಲ್ಲ" ಎಂದರು.

ಅವರು ನಮ್ಮ ಕಡೆಯ ಯೋಜನಾ ಪ್ರಾಧಿಕಾರದ ಕಚೇರಿಯಲ್ಲಿ, ಮನೆ ಕಟ್ಟುವವರ ನಕ್ಷೆ ನೋಡಿ ಪರವಾನಿಗೆಗೆ ಶಿಫಾರಸು ಮಾಡುವ ಕೆಲಸದಲ್ಲಿದ್ದವರು. ನಿವೃತ್ತರಾದ ಮೇಲೆ ಬೆಳ್ತಂಗಡಿಗೆ ಹೋಗುವ ದಾರಿಯಲ್ಲಿ ತಮಗೆಂದು ಒಂದು ಮನೆ ಕಟ್ಟಿಸಿದರು. ಆ ಮನೆಯ ಮಾಡಿಗೆ ಅವರದೇ ಹಳೆಯ ಕಚೇರಿ ಒಪ್ಪಿಗೆ ಕೊಡಲಿಲ್ಲ. ಅದಕ್ಕಾಗಿ ಅಲೆದಾಡುತ್ತಲೇ ಕಳೆದ ದೀಪಾವಳಿಯ ಆಸುಪಾಸಿನಲ್ಲಿ ತೀರಿಕೊಂಡರು. ಹೆಸರು ಬರೆಯುವುದಿಲ್ಲ. ಅವರ ಹೆಂಡತಿ ಇದ್ದಾರೆ, ಕಚೇರಿಯೂ ಇದೆ.

ಇನ್ನೊಂದು ಮಾತನ್ನೂ ಈಗಲೇ ಹೇಳಿಬಿಡುತ್ತೇನೆ. ನಾನು ಮೂಡುಬಿದಿರೆಯ ಕಾಲೇಜೊಂದರಲ್ಲಿ ಪಾಠ ಹೇಳುವವನು. ಆಧಾರವಿಲ್ಲದ ಮಾತನ್ನು ನಂಬಬಾರದೆಂದು ವಿಶ್ವವಿದ್ಯಾಲಯದಲ್ಲಿ ಕಲಿತು, ಅದನ್ನೇ ಮಕ್ಕಳಿಗೂ ಕಲಿಸುತ್ತ ಬಂದವನು. ಆದರೆ ಇವರ ಬಗ್ಗೆ ನನ್ನ ನೆನಪುಗಳನ್ನು ಒಂದೊಂದಾಗಿ ಎತ್ತಿ ನೋಡಿದರೆ, ಎಷ್ಟೋ ಕಡೆ ಅವರು ಆಡಿದ ಮಾತು ಯಾವುದು, ಅವರು ಆಡಬೇಕಿತ್ತು ಎಂದು ನಾನು ಬಯಸಿದ ಮಾತು ಯಾವುದು ಎಂದು ಬಿಡಿಸಲಾಗುವುದಿಲ್ಲ. ಉದಾಹರಣೆಗೆ, ನನ್ನ ನೆನಪಿನಲ್ಲಿ ಅವರು ಬಹಳ ಎತ್ತರದ ಮನುಷ್ಯ. ನನ್ನ ಹೆಂಡತಿ ಸುಮತಿ ಹೇಳುತ್ತಾಳೆ, "ನಿಮ್ಮಷ್ಟೇ ಇದ್ದರು. ನೀವು ಅವರನ್ನು ಹೆಚ್ಚು ನೋಡಿದ್ದು ನಮ್ಮ ಮಾಳಿಗೆಯ ಮೇಲೆ. ಅಲ್ಲಿ ಯಾರು ನಿಂತರೂ ಎತ್ತರ ಕಾಣ್ತಾರೆ."

ನಮ್ಮ ಮಾಳಿಗೆ ಹಾಗಾದದ್ದು ಅವರಿಂದಲೇ. ಅಥವಾ ನನ್ನಿಂದ.

ನಮ್ಮ ಕಡೆಯ ಮಳೆಗೆ ಬರೀ ತಾರಸಿ ಸಾಲದು. ಎಷ್ಟು ಚೆನ್ನಾಗಿ ಸ್ಲಾಬ್ ಹಾಕಿದರೂ ಕೆಲವು ಮಳೆಗಾಲ ಕಳೆಯುವಾಗ ಒಳಗೆ ಒದ್ದೆಯ ಕಲೆ ಮೂಡುತ್ತದೆ. ಹಾಗಾಗಿ ಎಲ್ಲರೂ ತಾರಸಿಯ ಮೇಲೆ ಕಬ್ಬಿಣದ ಕಂಬ ನೆಟ್ಟು ಶೀಟಿನ ಮಾಡು ಹೊದೆಸುತ್ತಾರೆ. ಮಳೆಯಲ್ಲಿ ಬಟ್ಟೆ ಒಣಗುವುದು, ಸೌದೆ ಬೆಚ್ಚಗಿರುವುದು, ನೆಂಟರು ಹೆಚ್ಚಾದಾಗ ಚಾಪೆ ಹಾಸುವುದು ಎಲ್ಲ ಅದರಡಿಯಲ್ಲೇ. ಕಚೇರಿಯ ಲೆಕ್ಕದಲ್ಲಿ ಮಾತ್ರ ಅದು ಇನ್ನೊಂದು ಮಾಳಿಗೆ. ಮಾಳಿಗೆ ಹೆಚ್ಚಾದರೆ ಮನೆಯ ಸುತ್ತ ಬಿಡಬೇಕಾದ ಜಾಗವೂ ಹೆಚ್ಚು. ಅಷ್ಟು ಜಾಗ ಯಾರ ಹತ್ತಿರವೂ ಇಲ್ಲ. ಆದ್ದರಿಂದ ಒಂದು ಪದ್ಧತಿ ತಾನಾಗಿ ಬೆಳೆದಿದೆ. ನಕ್ಷೆಯಲ್ಲಿ ಬೋಳು ತಾರಸಿ ತೋರಿಸುವುದು, ಮನೆ ನಂಬರು ಸಿಕ್ಕಿದ ಮೇಲೆ ಶೀಟು ಹಾಕುವುದು. ಕಚೇರಿಯವರಿಗೂ ಇದು ಗೊತ್ತು. ಅವರ ಮನೆಗಳ ಮೇಲೂ ಶೀಟು ಇದೆ.

ನನ್ನ ನಕ್ಷೆ ಮಾಡಿದವನು ಪ್ರಶಾಂತ, ನನ್ನ ಹಳೆಯ ವಿದ್ಯಾರ್ಥಿ, ಈಗ ಇಂಜಿನಿಯರ್. ಅವನೂ ಬೋಳು ತಾರಸಿಯನ್ನೇ ಬರೆದಿದ್ದ. ಇಬ್ಬರೂ ಫೈಲು ಹಿಡಿದು ಅವರ ಮೇಜಿನ ಮುಂದೆ ಕೂತೆವು. ಅವರು ನಕ್ಷೆಯನ್ನು ಉದ್ದಕ್ಕೂ ಅಡ್ಡಕ್ಕೂ ನೋಡಿ, ಪೆನ್ನಿನ ಮುಚ್ಚಳ ತೆಗೆದು, ಹೋಟೆಲಿನಲ್ಲಿ ಚಹಕ್ಕೆ ಸಕ್ಕರೆ ಬೇಕಾ ಎಂದು ಕೇಳುವ ಹಾಗೆ ಕೇಳಿದರು.

"ಮೇಲೆ ಎಂತಾದರೂ ಹಾಕ್ತೀರಾ?"

ಪ್ರಶಾಂತ ಮೇಜಿನ ಅಡಿಯಲ್ಲಿ ನನ್ನ ಕಾಲು ತುಳಿದ. ನಾನು, "ಹೌದು, ಶೀಟು ಹಾಕ್ತೇನೆ" ಎಂದೆ.

ಅವರು ಪೆನ್ನಿಗೆ ಮತ್ತೆ ಮುಚ್ಚಳ ಹಾಕಿದರು.

"ಇದನ್ನು ನೀವು ಯಾಕೆ ಹೇಳಿದ್ದು?"

"ನೀವು ಕೇಳಿದಿರಿ."

"ನಾನು ಎಲ್ಲರ ಹತ್ತಿರವೂ ಕೇಳ್ತೇನೆ. ಎಲ್ಲರೂ ಎಂತದೂ ಇಲ್ಲ ಸಾರ್ ಅಂತ ಹೇಳ್ತಾರೆ. ನಾನು ಬರೀತೇನೆ. ಈಗ ಎಂತ ಬರೆಯುವುದು?"

"ನಾನು ಹೇಳಲೇ ಇಲ್ಲ ಅಂತ ತಿಳ್ಕೊಳ್ಳಿ."

"ತಿಳ್ಕೊಳ್ಳಬಹುದು. ಆದರೆ ನೀವು ಹೇಳಿ ಆಗಿದೆ ಅಲ್ವಾ ಮಾರಾಯ್ರೆ."

ಅವರ ಮುಖದಲ್ಲಿ ಸಿಟ್ಟಿರಲಿಲ್ಲ. ಮುಗಿಯಬೇಕಾಗಿದ್ದ ಕೆಲಸವನ್ನು ಯಾರೋ ಮತ್ತೆ ಮೊದಲಿನಿಂದ ಕೈಗೆ ಕೊಟ್ಟಾಗ ಆಗುವ ಸುಸ್ತು ಇತ್ತು. ಹೊರಗೆ ಬಂದ ಮೇಲೆ ಪ್ರಶಾಂತ ಹೇಳಿದ, "ಕ್ಲಾಸಲ್ಲಿ ಹೇಳುವುದನ್ನು ಇಲ್ಲಿ ಎಂತಕ್ಕೆ ಹೇಳಿದ್ದು ಸಾರ್? ನನ್ನ ಉಳಿದ ಫೈಲುಗಳೂ ಇವರ ಹತ್ತಿರವೇ ಉಂಟು."

ಅಲ್ಲಿಂದ ನಮ್ಮ ಒಡನಾಟ ಶುರುವಾಯಿತು. ಅದನ್ನು ಸ್ನೇಹ ಎನ್ನಲು ಬರುವುದಿಲ್ಲ. ಅವರು ಯಾವುದಕ್ಕೂ ಇಲ್ಲ ಎನ್ನುತ್ತಿರಲಿಲ್ಲ, "ನೋಡುವ" ಎನ್ನುತ್ತಿದ್ದರು. ಕನ್ನಡಕ ಮೂಗಿನ ಮೇಲಿದ್ದು "ನೋಡುವ" ಎಂದರೆ ಆಗುತ್ತದೆ ಎಂದು, ಹಣೆಯ ಮೇಲಿದ್ದರೆ ಆಗುವುದಿಲ್ಲ ಎಂದು ಪ್ರಶಾಂತನ ಸಿದ್ಧಾಂತ. ನಾನು ಅದನ್ನು ಪರೀಕ್ಷಿಸಿದೆ. ಅದು ಸರಿಯಲ್ಲ. ಕನ್ನಡಕ ಎಲ್ಲಿದ್ದರೂ ಇನ್ನೊಮ್ಮೆ ಹೋಗಬೇಕಾಗುತ್ತಿತ್ತು.

ಸ್ಲಾಬೇ ಬೇಡ, ಹಳೆಯ ಕಾಲದ ಹಾಗೆ ಗೋಡೆಯ ಮೇಲೆ ನೇರವಾಗಿ ಹಂಚಿನ ಮಾಡು ಮಾಡಿ, ಒಂದು ಮನೆಗೆ ಒಂದು ಮಾಡು ಸಾಕಲ್ಲ ಎಂದು ಅವರು ಒಮ್ಮೆ ಸೂಚಿಸಿದರು. ನನಗೆ ಅದು ಹಿಡಿಸಿತು. ವಾಮದಪದವಿನಲ್ಲಿರುವ ಸುಮತಿಯ ತವರಿಗೆ ಹಿಡಿಸಲಿಲ್ಲ. ಸ್ಲಾಬಿಲ್ಲದ ಮನೆ ಕಟ್ಟಿದರೆ ಅಳಿಯನ ಕೈ ಬರಿದಾಗಿದೆ ಎಂದು ಊರು ತಿಳಿಯುತ್ತದೆ ಎಂದರು ಮಾವ. ಸುಮತಿಗೆ ಊರಿನ ಚಿಂತೆ ಇರಲಿಲ್ಲ, ಮಂಗಗಳ ಚಿಂತೆ ಇತ್ತು. "ಹಂಚು ತೆಗೆದು ಒಳಗೆ ಇಳಿದರೆ ಯಾರು ಓಡಿಸುವುದು? ನೀವು ಅದಕ್ಕೂ ಪಾಠ ಮಾಡ್ತೀರಿ" ಎಂದಳು.

ಕೊನೆಗೆ ಅವರು ಜಾಗ ನೋಡಲು ಬಂದ ದಿನ ಒಂದು ದಾರಿ ಹೇಳಿದರು. ಮಾಡು ಹಾಕಿ, ಆದರೆ ತಗ್ಗಾಗಿ ಹಾಕಿ. ಮನುಷ್ಯ ನೆಟ್ಟಗೆ ನಿಲ್ಲಲಾಗದ ಜಾಗವನ್ನು ಮಾಳಿಗೆ ಎಂದು ಬರೆಯಲು ಯಾವ ಕಾನೂನಿಗೂ ಆಗುವುದಿಲ್ಲ.

ಸುಮತಿ ಕೇಳಿದಳು, "ಬಟ್ಟೆ ಹಾಕುವವರು ನಿಲ್ಲಬೇಡವಾ ಸಾರ್?"

"ಬಗ್ಗಿ ಹಾಕಬಹುದು ಮೇಡಂ."

"ನಿಮ್ಮ ಮನೆಯಲ್ಲಿ ಯಾರು ಬಗ್ಗಿ ಹಾಕುವುದು?"

"ನಮ್ಮದು ಬಾಡಿಗೆ ಮನೆ. ಅಲ್ಲಿ ಮೇಲೆ ಹೋಗಲಿಕ್ಕೇ ಬಿಡುವುದಿಲ್ಲ" ಎಂದರು.

ಹೀಗೆ ನಮ್ಮ ಮನೆಯಾಯಿತು. ನಮ್ಮ ಓಣಿಯ ಮನೆಗಳಲ್ಲಿ ನಕ್ಷೆಯಲ್ಲಿರುವಂತೆಯೇ ಇರುವ ಮಾಡು ನಮ್ಮದೊಂದೇ, ತಲೆ ತಾಗುವ ಮಾಡೂ ನಮ್ಮದೊಂದೇ. ಬಂದ ನೆಂಟರು ಹಣೆ ಉಜ್ಜಿಕೊಳ್ಳುತ್ತ ಕೆಳಗಿಳಿಯುತ್ತಾರೆ. ಸುಮತಿ ಈಗಲೂ ಮೇಲೆ ಹೋಗುವ ಮೊದಲು "ಸತ್ಯವಂತರ ಮನೆಗೆ ಹೋಗಿ ಬರ್ತೇನೆ" ಎನ್ನುವುದುಂಟು.

ಅವರ ಮನೆಮಾತು ಕರಾವಳಿಯ ಮುಸ್ಲಿಮರ ಬ್ಯಾರಿ. ಮೇಸ್ತ್ರಿಗಳ ಹತ್ತಿರ ತುಳು, ಫೈಲಿನ ಮಾತು ಬಂದ ಕೂಡಲೇ ಕನ್ನಡ. ಆ ಕನ್ನಡದಲ್ಲಿ ಆಕ್ಷೇಪಣೆಗಳ ಕೊನೆಗೂ "ದಯವಿಟ್ಟು" ಎಂದು ಸೇರಿಸುತ್ತಿದ್ದರು. ಲಂಚ ಮುಟ್ಟುತ್ತಿರಲಿಲ್ಲ ಎಂದು ಅವರು ಹೋದ ಮೇಲೆ ಎಲ್ಲರೂ ಹೇಳುತ್ತಿದ್ದಾರೆ. ಇರಬಹುದು. ನಾನು ಅವರು ತೆಗೆದುಕೊಂಡದ್ದನ್ನು ನೋಡಿಲ್ಲ. ಯಾರಾದರೂ ಕೊಡಲು ಹೋದದ್ದನ್ನೂ ನೋಡಿಲ್ಲ. ನನಗೆ ಅವರು ಧೀರ ಎಂದು ಯಾವತ್ತೂ ಅನ್ನಿಸಿರಲಿಲ್ಲ. ನಿಯಮವನ್ನು ಪ್ರೀತಿಸುವವರ ಹಾಗೂ ಕಾಣುತ್ತಿರಲಿಲ್ಲ. ಹೆಚ್ಚೆಂದರೆ, ತಮ್ಮ ಕಿವಿಗೆ ಬಿದ್ದದ್ದನ್ನು ಬೀಳಲಿಲ್ಲ ಎಂದು ಹೇಳಲು ಬಾರದ ಮನುಷ್ಯ. ಅದಕ್ಕೇ ಆದಷ್ಟು ಕಡಿಮೆ ಕೇಳಿಸಿಕೊಳ್ಳಲು ನೋಡುತ್ತಿದ್ದರು.

ಬಂಟ್ವಾಳದ ನೆರೆಯ ಕತೆಯೊಂದಿದೆ. ನೇತ್ರಾವತಿ ತುಂಬಿ ಪೇಟೆಯೊಳಗೆ ನೀರು ಬಂದಾಗ ಅವರು ಯಾವುದೋ ಕೆಲಸಕ್ಕೆ ಹೋದವರು ಸಿಕ್ಕಿಬಿದ್ದರಂತೆ. ಒಬ್ಬ ಜೀನಸಿನ ಅಂಗಡಿಯವರು ಕೈಹಿಡಿದು ತಮ್ಮ ತಾರಸಿಗೆ ಹತ್ತಿಸಿದರು. ಅಲ್ಲಿ ಶೀಟಿನ ಮಾಡಿನಡಿ ಅಕ್ಕಿ ಮೂಟೆಗಳು, ಅಕ್ಕಪಕ್ಕದ ಮನೆಯವರು, ಒಂದು ದನ. ಆ ಮಾಡು ತೆಗೆಯಬೇಕೆಂದು ನೋಟೀಸು ಕೊಟ್ಟವರು ಇವರೇ. ಅಂಗಡಿಯವರು ಚಹದ ಲೋಟ ಕೈಗೆ ಕೊಟ್ಟು, "ನಿಮ್ಮ ನೋಟೀಸು ಕೆಳಗೆ ನೀರಲ್ಲಿ ಉಂಟು ಸಾರ್. ನೀವು ಮೇಲೆ ಆರಾಮಾಗಿ ಕೂತ್ಕೊಳ್ಳಿ" ಎಂದರಂತೆ. ಇದನ್ನು ಅವರೇ ನನಗೆ ಹೇಳಿ ನಕ್ಕಿದ್ದರು ಎಂದು ನನ್ನ ನೆನಪು. ಆದರೆ ಅದೇ ಅಂಗಡಿಯವರನ್ನು ಈಚೆಗೆ ಮಾತಾಡಿಸಿದಾಗ, "ದನ ಇರಲಿಲ್ಲ ಸಾರ್. ಮತ್ತೆ, ಹಾಗೆಲ್ಲ ಹೇಳಲಿಕ್ಕೆ ನನಗೆ ಧೈರ್ಯ ಎಲ್ಲಿ? ಅವರು ಹಲ್ಲು ಕಟಕಟ ಮಾಡ್ತಿದ್ದರು, ನಾನು ಮೈ ಒರೆಸಲಿಕ್ಕೆ ಬೈರಾಸು ಕೊಟ್ಟೆ" ಎಂದರು. ಹಾಗಾದರೆ ಆ ಮಾತನ್ನು ಅಂಗಡಿಯವರ ಬಾಯಿಗೆ ಹಾಕಿದ್ದು ಅವರೋ ನಾನೋ? ಒಂದು ಮಾತ್ರ ಇಬ್ಬರ ಕತೆಯಲ್ಲೂ ಇದೆ. ನೀರಿಳಿದ ಮೇಲೂ ಆ ನೋಟೀಸನ್ನು ಅವರು ವಾಪಸು ಪಡೆಯಲಿಲ್ಲ, ಮುಂದುವರಿಸಲೂ ಇಲ್ಲ.

ಅವರ ತಮ್ಮಂದಿರೆಲ್ಲ ದುಬೈ, ಮಸ್ಕತ್ ಎಂದು ಹೋಗಿ ಊರಲ್ಲಿ ದೊಡ್ಡ ಮನೆಗಳನ್ನು ಕಟ್ಟಿದ್ದರು. ಇವರು ಸಂಬಳದಲ್ಲಿ, ಹೆಂಡತಿಯ ಸಂಬಳವನ್ನೂ ಸೇರಿಸಿ, ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಎಂದು ವರ್ಗವಾದಲ್ಲೆಲ್ಲ ಬಾಡಿಗೆ ಮನೆಯಲ್ಲಿ ಇದ್ದವರು. ಹೆಂಡತಿ ಸರಕಾರಿ ಪ್ರಾಥಮಿಕ ಶಾಲೆಯಲ್ಲಿ ಕನ್ನಡ ಕಲಿಸುತ್ತಿದ್ದರು. ಊರಿಡೀ ಅವರನ್ನು ಕರೆಯುವ ಹಾಗೆ ನಾನೂ ಟೀಚರ್ ಎಂದೇ ಕರೆಯುವುದು. ಕಚೇರಿಯಲ್ಲಿ ನಡೆದ ನಿವೃತ್ತಿಯ ಸಮಾರಂಭದಲ್ಲಿ ಇವರಿಗೆ ಹಾರ, ಹಣ್ಣಿನ ಬುಟ್ಟಿ, ಒಂದು ಗಡಿಯಾರ ಕೊಟ್ಟರು. ಮಾತಾಡಲು ನಿಂತಾಗ, "ಇಷ್ಟು ವರ್ಷ ನಿಮ್ಮ ಮನೆ ನೋಡಿದೆ. ಇನ್ನು ನನ್ನದು ನೋಡ್ತೇನೆ" ಎಂದು ಕೂತುಬಿಟ್ಟರು. ಬೇರೇನಾದರೂ ಹೇಳಿದ್ದರೆ ನನಗೆ ಮರೆತಿದೆ.

ಮನೆ ಎದ್ದಿತು. ಒಂದೇ ಅಂತಸ್ತು, ಮೇಲೆ ತಾರಸಿ. ಅಷ್ಟರಮಟ್ಟಿಗೆ ಪರವಾನಿಗೆಯೂ ಇತ್ತು. ಆಮೇಲೆ ಅವರು ತಿದ್ದುಪಡಿ ನಕ್ಷೆಯೊಂದನ್ನು ತಮ್ಮ ಕೈಯಾರೆ ಬರೆದು ಕಚೇರಿಗೆ ಕೊಟ್ಟರು. ಅದರಲ್ಲಿ ತಾರಸಿಯ ಮೇಲೆ ಶೀಟಿನ ಮಾಡು ಇತ್ತು. ನಮ್ಮದರ ಹಾಗೆ ತಗ್ಗಿನದಲ್ಲ. ನೆಟ್ಟಗೆ ನಿಂತು, ಕೈ ಮೇಲೆತ್ತಿದರೂ ತಾಗದಂಥದ್ದು.

ಅವರ ಕುರ್ಚಿಗೆ ಬಂದಿದ್ದವರು ಅವರ ಕೈಕೆಳಗೇ ಕೆಲಸ ಕಲಿತ ಒಬ್ಬ ಯುವತಿ. ನಕ್ಷೆ ಕೊಟ್ಟ ದಿನ ಇವರ ಜೊತೆ ನಾನೂ ಹೋಗಿದ್ದೆ. ಆಕೆ ಎದ್ದು ನಿಂತು, ಕುರ್ಚಿ ಹಾಕಿಸಿ, ನಕ್ಷೆ ನೋಡಿ ಬೆವರಿದರು.

"ಸಾರ್, ಇದು ಮಾಳಿಗೆ ಆಗ್ತದೆ. ನೀವೇ ಕಲಿಸಿದ್ದು."

"ಹೌದು. ಹಾಗಾದರೆ ಅದಕ್ಕೆ ಎಂತ ದಾರಿ ಉಂಟು ಅಂತ ನೋಡುವ."

"ದಾರಿ ಎಂತ ಸಾರ್, ನಿಮಗೆ ಗೊತ್ತಿಲ್ಲದ್ದಾ? ಬೋಳು ತಾರಸಿ ಅಂತಲೇ ಇರಲಿ. ನಂಬ್ರ ಕೊಡ್ತೇನೆ. ಆಮೇಲೆ ನೀವು ಎಂತ ಬೇಕಾದರೂ ಹಾಕಿ. ನಾನು ಬಂದು ನೋಡುವುದಿಲ್ಲ."

"ನೀವು ಬಂದು ನೋಡಬೇಕು ಮೇಡಂ."

ತಾವೇ ಕೆಲಸ ಕಲಿಸಿದವಳನ್ನು ಅವರು ಮೇಡಂ ಎಂದದ್ದು ನನಗೆ ಸ್ಪಷ್ಟವಾಗಿ ನೆನಪಿದೆ. ಆಕೆಯ ಕಣ್ಣು ತುಂಬಿತು. ಅಥವಾ ಅದು ಬೆವರು, ಅಲ್ಲಿ ಫ್ಯಾನ್ ಇರಲಿಲ್ಲ.

ಹಿಂದಿರುಗಿ ಬರುವಾಗ ಬಸ್ಸಿನಲ್ಲಿ ಕೇಳಿದೆ, ಯಾಕೆ ಈ ಹಟ ಎಂದು. ಜೀವಮಾನವಿಡೀ ಬೋಳು ತಾರಸಿಯ ನಕ್ಷೆಗಳಿಗೆ ರುಜು ಹಾಕಿದವರು ತಮ್ಮದಕ್ಕೆ ಮಾತ್ರ ಹೀಗೆ ಮಾಡಿದರೆ ಏನರ್ಥ? ನಮ್ಮ ಹಾಗೆ ತಗ್ಗಾಗಿಯಾದರೂ ಹಾಕಿಸಬಹುದಲ್ಲ? ಅವರು ಕಿಟಕಿಯ ಹೊರಗೆ ಹಾದುಹೋಗುವ ಮನೆಗಳ ನೆತ್ತಿ ನೋಡುತ್ತಿದ್ದರು. "ಇಡೀ ಊರನ್ನು ಬಗ್ಗಿಸಿದ್ದೇನೆ. ನನ್ನ ಮನೆಯಲ್ಲಿ ನೆಟ್ಟಗೆ ನಿಲ್ಲಬೇಕು" ಎಂದರು. ಹೀಗೆಂದರು ಎಂದು ಬರೆದು ಮತ್ತೆ ಓದಿದರೆ ಇದು ತೀರಾ ಚೆನ್ನಾಗಿದೆ ಅನ್ನಿಸುತ್ತದೆ. ಬಸ್ಸಿನಲ್ಲಿ ಕೂತವರು ಹಾಗೆ ಮಾತಾಡುವುದಿಲ್ಲ. ಬಹುಶಃ "ನನಗೆ ಬಗ್ಗಿದರೆ ಸೊಂಟ ನೋವು" ಎಂದಿರಬಹುದು. ಸೊಂಟ ನೋವು ಇದ್ದದ್ದು ನಿಜ.

ಆಮೇಲೆ ಮೇಲ್ಮನವಿಗಳ ಕಾಲ. ನನ್ನ ಕನ್ನಡ ಚೆನ್ನಾಗಿದೆ ಎಂದು ಬರೆಯುವ ಕೆಲಸ ನನಗೆ ಬಂತು. ನಮ್ಮ ಕಡೆಯ ಮಳೆಯಲ್ಲಿ ಇಂಥ ಮಾಡು ಮನೆಯ ರಕ್ಷಣೆಗೆ ಬೇಕೇಬೇಕು, ನಾಲ್ಕೂ ಬದಿ ತೆರೆದಿರುವ ಕಾರಣ ಅದು ವಾಸದ ಜಾಗವಲ್ಲ, ಆದ್ದರಿಂದ ಮಾಳಿಗೆಯ ಲೆಕ್ಕಕ್ಕೆ ಹಿಡಿಯಬಾರದು ಎಂಬುದು ನಮ್ಮ ವಾದ. ಒಪ್ಪಿದರೆ ಅವರಿಗೆ ಮಾತ್ರವಲ್ಲ, ಮುಂದೆ ಮನೆ ಕಟ್ಟುವ ಎಲ್ಲರಿಗೂ ಸುಳ್ಳು ನಕ್ಷೆ ಬರೆಯುವುದು ತಪ್ಪುತ್ತದೆ. ನಾನು ಮೊದಲು ಅರೆಮನಸ್ಸಿನಿಂದ ಬರೆದೆ. ಎರಡನೆಯದನ್ನು ಬರೆಯುವಾಗ ಸಿಟ್ಟಿತ್ತು. ಮೂರನೆಯದರ ಹೊತ್ತಿಗೆ ನನಗೆ ಅದರಲ್ಲಿ ನಂಬಿಕೆಯೇ ಬಂದುಬಿಟ್ಟಿತ್ತು. ನಾನು ಯಾವುದನ್ನಾದರೂ ನಂಬಿದ್ದು ಬಹಳ ಅಪರೂಪ. ಉತ್ತರಗಳು ಮಾತ್ರ ಒಂದೇ ಬಗೆಯವು. ಪರಿಶೀಲಿಸಲಾಗುವುದು, ಮೇಲಿನ ಕಚೇರಿಯ ಅಭಿಪ್ರಾಯ ಕೇಳಲಾಗಿದೆ, ಮುಂದಿನ ವಿಚಾರಣೆಗೆ ತಿಳಿಸಲಾಗುವುದು.

ಅಷ್ಟರಲ್ಲಿ ಎರಡು ಮಳೆಗಾಲ ಕಳೆದವು. ತಿದ್ದುಪಡಿ ತೀರ್ಮಾನವಾಗದೆ ಮನೆ ನಂಬರು ಇಲ್ಲ, ನಂಬರಿಲ್ಲದೆ ಕರೆಂಟು ತಾತ್ಕಾಲಿಕದ್ದು. ಆದರೂ ಅವರು ಅಲ್ಲೇ ವಾಸವಿದ್ದರು. ಸ್ಲಾಬಿನಲ್ಲಿ ಎಲ್ಲೋ ಬಿರುಕು ಬಿಟ್ಟು ಪಡಸಾಲೆಯಲ್ಲಿ ತೊಟ್ಟಿಕ್ಕತೊಡಗಿತು. ಮೇಲೆ ನೀಲಿ ಟರ್ಪಾಲು ಹೊದೆಸಿದರು. ಟರ್ಪಾಲು ಮಾಡಲ್ಲ, ಅದಕ್ಕೆ ಅನುಮತಿ ಬೇಡ. ಗಾಳಿ ಬಂದಾಗಲೆಲ್ಲ ಅದು ಹಾರುತ್ತಿತ್ತು, ಅವರು ಹತ್ತಿ ಹಗ್ಗ ಬಿಗಿಯುತ್ತಿದ್ದರು. ಅಣ್ಣನನ್ನು ಕಾಕ ಎಂದು ಕರೆಯುವ ಮಸ್ಕತ್ತಿನ ತಮ್ಮ ರಜೆಯಲ್ಲಿ ಬಂದವನು ನನ್ನೆದುರಿಗೇ, "ಊರಿಗೆಲ್ಲ ಮಾಡು ಕೊಟ್ಟ ನಮ್ಮ ಕಾಕ ಪ್ಲಾಸ್ಟಿಕ್ ಅಡಿಯಲ್ಲಿ ಕೂತಿದ್ದಾರೆ. ಒಂದು ಮಾತು ಹೇಳಿ, ನಾಳೆಯೇ ಹಾಕಿಸ್ತೇನೆ" ಎಂದ. ಅವರು, "ನೋಡುವ" ಎಂದರು. ಟೀಚರ್ ತೊಟ್ಟಿಕ್ಕುವಲ್ಲಿ ಇಟ್ಟಿದ್ದ ತುಂಬಿದ ಬಾಲ್ದಿಯನ್ನು ಎತ್ತಿಕೊಂಡು ಹೊರಗೆ ಚೆಲ್ಲಿ ಬಂದರು.

ಅವರು ಸತ್ತದ್ದು ಮಂಗಳೂರಿನ ಆಸ್ಪತ್ರೆಯಲ್ಲಿ, ಹೃದಯದ ತೊಂದರೆಯಿಂದ. ಹಿಂದಿನ ವಾರ ಗುಡುಗು ಮಳೆಯಲ್ಲಿ ಟರ್ಪಾಲು ಕಟ್ಟಲು ಹತ್ತಿದ್ದರು, ಅದೇ ಆಯಿತು ಎಂದು ಊರು ಹೇಳಿತು. ಡಾಕ್ಟರು ಹಾಗೆ ಹೇಳಲಿಲ್ಲ. ನಾನು ಡಾಕ್ಟರ ಪಕ್ಷ. ಆದರೂ ಅವರನ್ನು ಮಸೀದಿಗೆ ಕೊಂಡೊಯ್ಯುವಾಗ ಅಂಗಳದಲ್ಲಿ ನಿಂತು, ಒಂದು ಮೂಲೆ ಬಿಚ್ಚಿ ಪಟಪಟ ಎನ್ನುತ್ತಿದ್ದ ಆ ನೀಲಿ ಟರ್ಪಾಲನ್ನು ನೋಡದಿರಲು ಆಗಲಿಲ್ಲ. ಅವರ ಹಳೆಯ ಕಚೇರಿಯವರೆಲ್ಲ ಬಂದಿದ್ದರು. ಅವರೂ ನೋಡಿದರು.

ಗಂಡ ಸತ್ತ ಹೆಂಗಸು ಹೊರಗಿನ ಗಂಡಸರನ್ನು ಕಾಣದೆ ಮನೆಯೊಳಗಿರುವ ಇದ್ದತ್ತಿನ ತಿಂಗಳುಗಳಲ್ಲಿ ಟೀಚರನ್ನು ಮಾತಾಡಿಸಲಾಗಲಿಲ್ಲ. ಸುಮತಿ ಮಾತ್ರ ಹೋಗಿ ಬರುತ್ತಿದ್ದಳು. ನಾನು ಸುಮ್ಮನೆ ಕೂರಲಿಲ್ಲ. ಮೇಲ್ಮನವಿಯನ್ನು ಟೀಚರ ಹೆಸರಿಗೆ ಬದಲಿಸಲು ಕಾಗದ ಸಿದ್ಧ ಮಾಡಿದೆ, ಒಬ್ಬ ವಕೀಲರನ್ನು ಕಂಡೆ. ಅವರು ಬದುಕಿದ್ದಾಗ ಇಲ್ಲದ ಉತ್ಸಾಹ ನನ್ನಲ್ಲಿ ಬಂದಿತ್ತು. ಸತ್ತವರ ಪರವಾಗಿ ಹೋರಾಡುವುದು ಸುಲಭ, ಅವರು ನಡುವೆ ಮಾತಾಡುವುದಿಲ್ಲ.

ಇದ್ದತ್ತು ಮುಗಿದ ಮೇಲೆ ಟೀಚರೇ ಫೋನ್ ಮಾಡಿದರು.

"ಸಾರ್, ಆ ಮೇಲ್ಮನವಿ ವಾಪಸು ತೆಗೆಯುವ."

"ಯಾಕೆ ಟೀಚರ್? ವಿಚಾರಣೆಗೆ ಬರ್ಲಿಕ್ಕುಂಟು. ವಕೀಲರು ಹೇಳ್ತಾರೆ, ಗೆಲ್ಲುವ ಸಾಧ್ಯತೆ ಉಂಟು ಅಂತ."

"ಇರಬಹುದು. ಅದಕ್ಕಿಂತ ಮೊದಲು ಮಳೆ ಬರ್ತದೆ."

"ಅವರು ಇಷ್ಟು ಸಮಯ ಹಿಡಿದುಕೊಂಡು ಬಂದದ್ದು..."

"ಸಾರ್, ಅವರು ಒಳ್ಳೆಯವರು. ನಿಮಗಿಂತ ಹೆಚ್ಚು ನನಗೆ ಗೊತ್ತುಂಟು. ಆದರೆ ಅವರ ಒಳ್ಳೆಯತನದ ಅಡಿಯಲ್ಲಿ ಬಾಲ್ದಿ ಇಟ್ಟವಳು ನಾನು."

ನಾನು ಮತ್ತೂ ಏನೋ ಹೇಳಲು ಹೋದೆ. ಇದು ಒಂದು ಮನೆಯ ಪ್ರಶ್ನೆಯಲ್ಲ ಎಂದೋ, ಎಲ್ಲರಿಗೂ ದಾರಿಯಾಗುತ್ತದೆ ಎಂದೋ. ಟೀಚರ್ ಕೊನೆಯವರೆಗೂ ಕೇಳಿಸಿಕೊಂಡರು. ದಡ್ಡ ಹುಡುಗನ ಉತ್ತರವನ್ನೂ ಪೂರ್ತಿ ಕೇಳುವ ಅಭ್ಯಾಸ ಇರಬೇಕು. "ನೀವು ಬರೆದುಕೊಡ್ತೀರಾ, ನಾನೇ ಬರೆಯಬೇಕಾ?" ಎಂದು ಮಾತ್ರ ಕೇಳಿದರು.

ನಾನೇ ಬರೆದೆ. ಮೇಲ್ಮನವಿಯನ್ನು ಹಿಂಪಡೆಯಲಾಗಿದೆ, ತಿದ್ದುಪಡಿ ನಕ್ಷೆಯನ್ನು ಕೈಬಿಡಲಾಗಿದೆ, ತಾರಸಿಯ ಮೇಲೆ ಯಾವುದೇ ನಿರ್ಮಾಣ ಮಾಡುವ ಉದ್ದೇಶ ಇರುವುದಿಲ್ಲ. ನಾನು ಬರೆದ ಮೇಲ್ಮನವಿಗಳೆಲ್ಲ ಪುಟಗಟ್ಟಲೆ ಇದ್ದವು. ಇದು ಮೂರು ಸಾಲಿನಲ್ಲಿ ಮುಗಿಯಿತು.

ಆ ಯುವ ಅಧಿಕಾರಿ ಮನೆ ನೋಡಲು ಬಂದರು. ಬರದೆಯೂ ನಂಬರು ಕೊಡಬಹುದಿತ್ತು, ಆದರೆ ಬಂದರು. ಟೀಚರೂ ನಾನೂ ಅವರ ಹಿಂದೆ ಮೆಟ್ಟಿಲು ಹತ್ತಿದೆವು. ತಾರಸಿಯ ಒಂದು ಮೂಲೆಯಲ್ಲಿ ವೆಲ್ಡರ್ ಮೊದಲೇ ತಂದಿಟ್ಟಿದ್ದ ಕಬ್ಬಿಣದ ಪೈಪುಗಳು ಗೋಡೆಗೆ ಒರಗಿ ನಿಂತಿದ್ದವು, ಇನ್ನೂ ಬಣ್ಣ ಆರಿರಲಿಲ್ಲ. ಆಕೆ ಅವನ್ನು ನೋಡಿದರು, ಟೀಚರನ್ನು ನೋಡಿದರು. ಆಮೇಲೆ ಪೈಪುಗಳಿಗೆ ಬೆನ್ನು ಮಾಡಿ ನಿಂತು, ಮೊಬೈಲಿನಲ್ಲಿ ಬೋಳು ತಾರಸಿಯ ಫೋಟೋ ತೆಗೆದರು. ಇಳಿಯುವಾಗ ಟೀಚರ ಕೈ ಹಿಡಿದು, "ಸಾರ್ ಇದ್ದಿದ್ದರೆ ನನ್ನನ್ನು ಬಿಡ್ತಿರಲಿಲ್ಲ" ಎಂದರು. ಟೀಚರ್, "ಚಹ ಕುಡಿದು ಹೋಗಿ" ಎಂದರು.

ಮಳೆ ಹಿಡಿಯುವುದಕ್ಕೆ ಮೊದಲೇ ಮಾಡು ಆಯಿತು.

ಮೊನ್ನೆ ಭಾನುವಾರ ಸುಮತಿಯೂ ನಾನೂ ಹೋಗಿದ್ದೆವು. ಮಳೆ ಸುರಿಯುತ್ತಿತ್ತು. ಟೀಚರ್ ಮೇಲೆಯೇ ಪ್ಲಾಸ್ಟಿಕ್ ಕುರ್ಚಿ ಹಾಕಿಸಿದರು. ಹಗ್ಗದ ಮೇಲೆ ಸೀರೆ, ಬೆಡ್‌ಶೀಟು, ಬೈರಾಸು ಸಾಲಾಗಿ ಒಣಗುತ್ತಿದ್ದವು. ಸುಮತಿ ನಡುವೆ ನಿಂತು ಎರಡೂ ಕೈ ಮೇಲೆತ್ತಿ, "ಆಹಾ" ಎಂದಳು. ಮಾಡು ಬಹಳ ಎತ್ತರವಿತ್ತು. ಅವರ ನಕ್ಷೆಯಲ್ಲಿ ಇದ್ದದ್ದಕ್ಕಿಂತಲೂ ಎತ್ತರ. ನಾನು ಟೀಚರ ಕಡೆಗೆ ತಿರುಗಿದೆ.

"ಅವರು ಬೇಕೂಂತ ಹೇಳಿದ್ದಕ್ಕಿಂತಲೂ ಎತ್ತರ ಮಾಡಿಸಿದ್ದೀರಿ ಟೀಚರ್."

"ನಾನು ಮಾಡಿಸಿದ್ದಲ್ಲ ಸಾರ್. ಯಾರೋ ಆರ್ಡರ್ ಕೊಟ್ಟು ಬಿಟ್ಟುಹೋದ ಪೈಪು ವೆಲ್ಡರನ ಹತ್ತಿರ ಇತ್ತು. ಕತ್ತರಿಸಿದರೆ ಸುಮ್ಮನೆ ಹಾಳು ಅಂತ ಹಾಗೆಯೇ ನೆಟ್ಟದ್ದು. ಈಗ ನೋಡಿ, ಮಳೆ ಬದಿಯಿಂದ ಹೊಡೀತದೆ."

ನಿಜ. ಗಾಳಿ ತಿರುಗಿದ ಕೂಡಲೇ ಹನಿಗಳು ಓರೆಯಾಗಿ ಒಳಗೆ ನುಗ್ಗಿದವು. ಕೊನೆಯ ಸಾಲಿನ ಬಟ್ಟೆ ಮತ್ತೆ ಒದ್ದೆಯಾಯಿತು. ನಾವು ಮೂವರೂ ಎದ್ದು ಕುರ್ಚಿಗಳನ್ನು ನಡುವಿಗೆ ಎಳೆದುಕೊಂಡೆವು. ಟೀಚರ್ ಸೆರಗಿನಿಂದ ಕುರ್ಚಿ ಒರೆಸಿ ಕೂತು, ಪಶ್ಚಿಮದ ಬದಿಯನ್ನು ತೋರಿಸಿದರು.

"ಇಲ್ಲಿಗೆ ಒಂದು ಶೀಟು ಅಡ್ಡ ಹಾಕಿಸಿದರೆ ಸರಿಯಾಗ್ತದೆ. ಆ ಬದಿಗೂ ಒಂದು. ಅದಕ್ಕೆ ಕಚೇರಿಯಲ್ಲಿ ಕೇಳಬೇಕಾ ಸಾರ್?"

ಬದಿಗಳನ್ನು ಮುಚ್ಚಿದರೆ ಅದು ಯಾರ ಕಣ್ಣಿಗೂ ಮಾಳಿಗೆಯೇ. ಮತ್ತೆ ಕಚೇರಿಯ ಮೆಟ್ಟಿಲು, ಮತ್ತೆ ನಕ್ಷೆ, ಮತ್ತೆ ನನ್ನ ಒಳ್ಳೆಯ ಕನ್ನಡ. ಟೀಚರ್ ಉತ್ತರಕ್ಕೆ ಕಾಯುತ್ತಿದ್ದರು. ಸುಮತಿಯೂ ನನ್ನ ಮುಖ ನೋಡುತ್ತಿದ್ದಳು.

"ಬೇಡ ಟೀಚರ್" ಎಂದೆ. "ಹಾಕಿಸಿ."